ಕಾರಿಗೆ ಹ್ಯಾಮ್ ರೇಡಿಯೊ ಹಾಕಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ತಗೊಂಡವರು ಮೊದಲು ಕೇಳುವುದು ‘ಕಾರಿಗೆ ಯಾವ ಸೆಟ್ ಒಳ್ಳೇದು’ ಅಂತ. ಸೆಟ್ಟಿನ ಮಾತು ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು. ವೈರು, ಫ್ಯೂಸು, ಆಂಟೆನಾ ಸರಿ ಇದ್ದರೆ ಹಳೆಯ ಸೆಟ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಅವು ಸರಿ ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಗೊರಗೊರ ಸದ್ದೇ ಗತಿ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಜಾಸ್ತಿ ಪಾಲು ಬಾನೆಟ್ ಒಳಗಿನ ಕೆಲಸ ಮತ್ತು ಟಾಪ್ ಮೇಲಿನ ಕೆಲಸದ್ದೇ.

ಲೈಸೆನ್ಸ್ ಇನ್ನೂ ಬಂದಿಲ್ಲ. ಸೆಟ್ ತಂದು ಸುಮ್ನೆ ಕೇಳ್ತಾ ಇರಬಹುದಾ?

ಬೇಡ. ಪ್ರಸಾರ ಮಾಡುವ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು, ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಲಿ ಬಿಡಲಿ. ಮೊದಲು ಎಎಸ್‌ಒಸಿ ಅನ್ನುವ ಹ್ಯಾಮ್ ಲೈಸೆನ್ಸಿನ ಪರೀಕ್ಷೆ ಬರೆಯಿರಿ. ಇದನ್ನು ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. 12 ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಕಿಲ್ಲ, ನಿಮ್ಮ ಸ್ಟೇಷನ್ನಿನ ಗುರುತಾದ ಕಾಲ್‌ಸೈನ್ ವಿಯು3ರಿಂದ ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬರಬೇಕು, ಕಾಲ್‌ಸೈನ್ ವಿಯು2. ಲೈಸೆನ್ಸ್ ಕೈಗೆ ಬಂದ ಮೇಲೆ ಅದರ ಷರತ್ತುಗಳನ್ನು ಪೂರ್ತಿ ಓದಿ, ಮುಖ್ಯವಾಗಿ ಪವರ್ ಮಿತಿ ಮತ್ತು ಸ್ಟೇಷನ್ ಎಲ್ಲಿ ನಡೆಸಬಹುದು ಅನ್ನುವ ಭಾಗ. ಕಾರಿನಲ್ಲಿ ಹೊರಡುವ ಮೊದಲು ಓದಬೇಕಾದದ್ದು ಅದೇ.

ವಿಎಚ್‌ಎಫ್ ಹಾಕಿಸಲಾ, ಎಚ್‌ಎಫ್ ಹಾಕಿಸಲಾ?

ವಿಎಚ್‌ಎಫ್ ಅಂದರೆ ಹೆಚ್ಚಿನ ಆವರ್ತನ, ಹತ್ತಿರದ ಮಾತಿಗೆ; ಎಚ್‌ಎಫ್ ಅಂದರೆ ಅದಕ್ಕಿಂತ ಕಡಿಮೆ ಆವರ್ತನ, ದೂರದ ಮಾತಿಗೆ. ಮೊದಲ ಸೆಟ್ ವಿಎಚ್‌ಎಫ್ ಆಗಲಿ. ನಮ್ಮಲ್ಲಿ 2 ಮೀಟರ್ ಬ್ಯಾಂಡ್ ಅಂದರೆ 144ರಿಂದ 146 ಮೆಗಾಹರ್ಟ್ಸ್. ಆಂಟೆನಾ ಚಿಕ್ಕದು, ಹಾಕುವುದು ಸುಲಭ, ತುಮಕೂರು–ಬೆಂಗಳೂರು ಓಡಾಟಕ್ಕೆ ಇದೇ ಉಪಯೋಗಕ್ಕೆ ಬರುವುದು. ಎಚ್‌ಎಫ್ ವಿಚಾರ ಮುಂದೆ ಬೇರೆಯಾಗಿ ಹೇಳಿದ್ದೇನೆ.

ನನ್ನ ಹತ್ತಿರ 5 ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಇದೆ. ಕಾರಿಗೆ ಬೇರೆ ಸೆಟ್ ಬೇಕೇ ಬೇಕಾ?

ಈಗಲೇ ಬೇಕಿಲ್ಲ. ಕಾರಿನ ಒಳಗೆ ಕೂತು ಹ್ಯಾಂಡಿಯ ಸಣ್ಣ ರಬ್ಬರ್ ಆಂಟೆನಾದಲ್ಲಿ ಮಾತಾಡಿದರೆ ಸುತ್ತ ಇರುವ ಕಬ್ಬಿಣವೇ ಸಿಗ್ನಲ್ ನುಂಗುತ್ತದೆ. ಅದೇ ಹ್ಯಾಂಡಿಗೆ ಟಾಪ್ ಮೇಲೆ ಕಾಲು ತರಂಗದ ಆಂಟೆನಾ (ಅಲೆಯ ಉದ್ದದ ಕಾಲು ಭಾಗದಷ್ಟಿರುವ ಕಡ್ಡಿ) ಕೊಟ್ಟು ನೋಡಿ, ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಸ್ವಲ್ಪ ದಿನ ಹೀಗೇ ಓಡಿಸಿ. ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಅಂತ ತಿಳಿದುಕೊಂಡು ಆಮೇಲೆ 50 ವ್ಯಾಟಿನ ಸೆಟ್ಟಿಗೆ ದುಡ್ಡು ಹಾಕಿ. ಆಂಟೆನಾ ಹೇಗೂ ಅದಕ್ಕೂ ಬರುತ್ತದೆ.

ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕರೆಂಟ್ ತಗೊಂಡರೆ ಸಾಕಲ್ವಾ?

ಹ್ಯಾಂಡಿ ಚಾರ್ಜ್ ಮಾಡಲು ಸಾಕು. 50 ವ್ಯಾಟಿನ ಸೆಟ್ಟಿಗೆ ಖಂಡಿತ ಸಾಲದು. ಅಂಥ ಸೆಟ್ ಪೂರ್ತಿ ಪವರಿನಲ್ಲಿ 10ರಿಂದ 12 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್, ಅದರ ಹಿಂದಿನ ವೈರು ಸಣ್ಣದು, ಪಿನ್ನು ಹಿಡಿಯುವುದು ಸ್ಪ್ರಿಂಗಿನಿಂದ. ಮಾತಾಡುತ್ತಾ ಇದ್ದ ಹಾಗೆ ಪಿನ್ ಬಿಸಿಯಾಗುತ್ತದೆ, ವೋಲ್ಟೇಜ್ ಇಳಿಯುತ್ತದೆ, ಸೆಟ್ ಆಫ್ ಆಗಿ ಆನ್ ಆಗುತ್ತದೆ. ದೊಡ್ಡ ಫ್ಯೂಸ್ ಹಾಕಿಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ, ಅದೂ ಡ್ಯಾಶ್‌ಬೋರ್ಡಿನ ಒಳಗೆ.

ಬ್ಯಾಟರಿಯಿಂದಲೇ ನೇರ ವೈರು ಎಳೆಯಬೇಕು. 50 ವ್ಯಾಟಿಗೆ 4 ಚದರ ಮಿಲಿಮೀಟರಿನ, ತುಂಬಾ ಎಳೆಗಳಿರುವ ತಾಮ್ರದ ವೈರು ಸಾಕು. ಲೆಕ್ಕ ನೋಡಿ: ಹೋಗಿ ಬರಲು 8 ಮೀಟರ್ ವೈರಿಗೆ 10 ಆಂಪಿಯರಿನಲ್ಲಿ ಸುಮಾರು 0.4 ವೋಲ್ಟ್ ಇಳಿಯುತ್ತದೆ, ತೊಂದರೆ ಇಲ್ಲ. ಇದೇ ವೈರಿನಲ್ಲಿ 100 ವ್ಯಾಟಿನ ಎಚ್‌ಎಫ್ ಸೆಟ್ ಓಡಿಸಿದರೆ 20 ಆಂಪಿಯರ್ ಮೇಲೆ ಎಳೆದು 0.8 ವೋಲ್ಟಿನಷ್ಟು ಹೋಗುತ್ತದೆ. ಅದಕ್ಕೆ 6 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಬೇಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಒಂದು ಗೇಣಿನೊಳಗೆ. ಸೆಟ್ಟಿನ ಹತ್ತಿರ ಹಾಕಿದ ಫ್ಯೂಸ್ ಸೆಟ್ಟನ್ನು ಕಾಪಾಡಬಹುದು, ಆದರೆ ಮಧ್ಯದಲ್ಲಿ ಎಲ್ಲೋ ವೈರು ಉಜ್ಜಿ ಬಾಡಿಗೆ ತಗುಲಿದರೆ ಕಾರನ್ನು ಕಾಪಾಡುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. 50 ವ್ಯಾಟಿಗೆ 15 ಆಂಪಿಯರ್ ಸರಿಹೋಗುತ್ತದೆ. ಸೆಟ್ಟಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಹಾಕಿ.

ನೆಗೆಟಿವ್ ವೈರನ್ನೂ ಬ್ಯಾಟರಿಗೇ ಕೊಡಬೇಕಾ, ಬಾಡಿಗೆ ಕೊಟ್ಟರೆ ಆಗಲ್ವಾ?

ಹಳೆಯ ಗಾಡಿಯಾದರೆ ನೆಗೆಟಿವ್ ಟರ್ಮಿನಲ್ಲಿಗೇ ಕೊಡಿ, ಆ ವೈರಿಗೂ ಒಂದು ಫ್ಯೂಸ್ ಹಾಕಿ. ಯಾಕೆ ಅಂದರೆ, ಬ್ಯಾಟರಿಯಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿ ಸಡಿಲವಾದರೆ ಸ್ಟಾರ್ಟರ್ ಮೋಟಾರಿನ ಕರೆಂಟೆಲ್ಲ ನಿಮ್ಮ ಸೆಟ್ಟಿನ ನೆಗೆಟಿವ್ ವೈರಿನ ಮೂಲಕ ವಾಪಸ್ ಬರಲು ನೋಡುತ್ತದೆ. ಹೊಸ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಒಂದು ಸಣ್ಣ ಡಬ್ಬಿ ಇರುತ್ತದೆ, ಅದು ಬ್ಯಾಟರಿ ಸೆನ್ಸರ್. ಅಂಥ ಗಾಡಿಯಲ್ಲಿ ಬ್ಯಾಟರಿಯ ಆ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೆ ಕೊಡಬೇಕು. ಇಲ್ಲದಿದ್ದರೆ ನೀವು ಎಳೆಯುವ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ.

ವೈರನ್ನು ಒಳಗೆ ತರುವುದು ಹೇಗೆ? ಗ್ಯಾರೇಜಿನವರು ಬಾಗಿಲ ಸಂದಿಯಿಂದ ತರೋಣ ಅಂತಾರೆ.

ಬಾಗಿಲ ಸಂದಿ ಬೇಡ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನಲ್ಲಿ ಕಂಪನಿಯವರೇ ರಬ್ಬರ್ ಬುಷ್ ಹಾಕಿದ ತೂತು ಇರುತ್ತದೆ, ಅದರಲ್ಲಿ ಜಾಗ ಮಾಡಿಕೊಳ್ಳಿ. ಹೊಸ ತೂತು ಕೊರೆಯಲೇಬೇಕಾದರೆ ಬುಷ್ ಇಲ್ಲದೆ ವೈರು ತೂರಿಸಬೇಡಿ, ತಗಡಿನ ಅಂಚು ಬ್ಲೇಡಿನಷ್ಟೇ ಚೂಪು. ಇಂಜಿನ್ ಕಡೆ ವೈರಿನ ಮೇಲೆ ಸುರುಳಿ ಪೈಪು ಹಾಕಿ, ಸೈಲೆನ್ಸರ್ ಪೈಪಿನಿಂದ ದೂರ ಇಡಿ. ವೈರಿನ ತುದಿಗೆ ಹಾಕುವ ಲಗ್ಗುಗಳನ್ನು ಕ್ರಿಂಪ್ ಮಾಡಿಸಿ (ಒತ್ತಿ ಬಿಗಿಸಿ), ಸುಮ್ನೆ ತಿರುಚಿ ಟೇಪ್ ಸುತ್ತಿಸಬೇಡಿ. ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ನುಗಳ ಕೈ ಚೆನ್ನಾಗಿಯೇ ಇದೆ, ಆದರೆ ಪಕ್ಕದಲ್ಲಿ ನಿಂತು ಏನು ಬೇಕು ಅಂತ ಬಿಡಿಸಿ ಹೇಳಬೇಕು. ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಸೆಟ್ಟನ್ನಾಗಲಿ ಮೈಕನ್ನಾಗಲಿ ಕೂರಿಸಬೇಡಿ.

ಆಂಟೆನಾ ಎಲ್ಲಿ ಹಾಕಿದರೆ ಒಳ್ಳೇದು?

ಟಾಪಿನ ನಟ್ಟ ನಡುವೆ. ಕಾಲು ತರಂಗದ ಆಂಟೆನಾ ಅಂದರೆ ಅರ್ಧವೇ ಆಂಟೆನಾ, ಉಳಿದರ್ಧ ಅದರ ಕೆಳಗಿನ ತಗಡು. 145 ಮೆಗಾಹರ್ಟ್ಸಿಗೆ ಕಡ್ಡಿಯ ಉದ್ದ ಸುಮಾರು 49 ಸೆಂಟಿಮೀಟರ್, ಸುತ್ತಲೂ ಅಷ್ಟೇ ದೂರ ತಗಡು ಇದ್ದರೆ ಎಲ್ಲ ದಿಕ್ಕಿಗೂ ಸಮವಾಗಿ ಹೋಗುತ್ತದೆ. ಬಾನೆಟ್ ಅಂಚಿಗೋ ಡಿಕ್ಕಿಯ ಅಂಚಿಗೋ ಹಾಕಿದರೆ ತಗಡು ಯಾವ ಕಡೆ ಜಾಸ್ತಿ ಇದೆಯೋ ಆ ಕಡೆ ಜೋರು, ಇನ್ನೊಂದು ಕಡೆ ಕಡಿಮೆ. ಅದೇನೂ ಕೆಟ್ಟದ್ದಲ್ಲ, ಗೊತ್ತಿದ್ದರೆ ಸಾಕು. 5/8 ತರಂಗದ ಉದ್ದ ಕಡ್ಡಿ ಬಯಲಿನಲ್ಲಿ ಸ್ವಲ್ಪ ಹೆಚ್ಚು ಕೊಡುತ್ತದೆ. ಆದರೆ ಹಳೇ ರಸ್ತೆಗಳ ಹುಣಸೆ ಮರದ ಕೊಂಬೆಗೂ ಪಾರ್ಕಿಂಗ್ ಮಹಡಿಯ ಚಾವಣಿಗೂ ಬಡಿಯುತ್ತಲೇ ಇರುತ್ತದೆ. ಬೆಟ್ಟದ ತಪ್ಪಲಲ್ಲಿ ಓಡಾಡುವವರಿಗೆ ಕಾಲು ತರಂಗವೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಅಯಸ್ಕಾಂತದ ಬುಡ ಇರುವ ಆಂಟೆನಾ ಸುಲಭ, ಬಣ್ಣಕ್ಕೆ ತೂತಿಲ್ಲ. ಆದರೆ ನಮ್ಮ ಕಡೆಯ ಧೂಳು ಗೊತ್ತಲ್ವಾ, ಅದರಲ್ಲೂ ಪಾವಗಡ, ಬಾಗೇಪಲ್ಲಿ ಕಡೆ ಹೋಗಿ ಬಂದರೆ ಬುಡದ ಕೆಳಗೆ ಮರಳು ಸೇರಿ ಬಣ್ಣವನ್ನು ಕೆರೆಯುತ್ತದೆ, ಆಗಾಗ ಎತ್ತಿ ಎರಡೂ ಕಡೆ ಒರೆಸಿ. ಟಾಪ್ ಪೂರ್ತಿ ಗಾಜಿನದಾಗಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ, ಡಿಕ್ಕಿ ಬಾಗಿಲಿಗೆ ಸ್ಕ್ರೂನಿಂದ ಕಚ್ಚುವ ಕ್ಲಾಂಪ್ ಹಾಕಿಸಿ. ಆಂಟೆನಾ ಕೇಬಲ್ ಬಾಗಿಲ ರಬ್ಬರಿನ ಮೂಲಕ ಒಳಬರುವಾಗ ಜಜ್ಜಿಹೋಗಬಾರದು. ಒಳಗೆ ಹೋಗುವ ಮುಂಚೆ ಕೇಬಲ್ ಒಂದಿಷ್ಟು ಕೆಳಕ್ಕೆ ಜೋತುಬೀಳಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆರ್‌ಜಿ-58 ಕೇಬಲ್ಲಿನಲ್ಲಿ 5 ಮೀಟರಿಗೆ 145 ಮೆಗಾಹರ್ಟ್ಸಿನಲ್ಲಿ ಸುಮಾರು 1 ಡೆಸಿಬಲ್ ನಷ್ಟ. ಕಾರಿಗೆ ಅದು ನಡೆಯುತ್ತದೆ.

ಎಸ್‌ಡಬ್ಲ್ಯೂಆರ್ ಎಷ್ಟಿರಬೇಕು?

ಆಂಟೆನಾಕ್ಕೆ ಕಳಿಸಿದ ಪವರಿನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅಂತ ತೋರಿಸುವ ಅಂಕಿ ಇದು. 1.5ರ ಒಳಗಿದ್ದರೆ ನೆಮ್ಮದಿಯಾಗಿರಿ, ಆಗ ವಾಪಸ್ ಬರುವುದು ನೂರಕ್ಕೆ 4 ಭಾಗ ಮಾತ್ರ. 2 ಇದ್ದರೆ 11 ಭಾಗ. 3 ಆದರೆ 25 ಭಾಗ, ಆಗ ಮಾತಾಡುವುದನ್ನು ನಿಲ್ಲಿಸಿ ತಪ್ಪು ಹುಡುಕಬೇಕು. 1.3ನ್ನು 1.1ಕ್ಕೆ ಇಳಿಸಲು ದಿನ ಕಳೆಯಬೇಡಿ, ಕೇಳುವವರಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಅಳೆಯುವಾಗ ಬಯಲಲ್ಲಿ ನಿಲ್ಲಿಸಿ, ಬಾಗಿಲು, ಡಿಕ್ಕಿ ಮುಚ್ಚಿ, ಕಡಿಮೆ ಪವರಿನಲ್ಲಿ ನೋಡಿ. 144ರಲ್ಲಿ ಕಡಿಮೆ, 146ರಲ್ಲಿ ಜಾಸ್ತಿ ತೋರಿಸಿದರೆ ಕಡ್ಡಿ ಉದ್ದವಾಗಿದೆ, ಎರಡೆರಡೇ ಮಿಲಿಮೀಟರ್ ಕತ್ತರಿಸಿ. ತಿರುಗಾಮುರುಗಾ ಇದ್ದರೆ ಗಿಡ್ಡವಾಗಿದೆ. ನಿನ್ನೆ ಸರಿ ಇದ್ದು ಇವತ್ತು ದಿಢೀರನೆ ಏರಿದರೆ ಕಡ್ಡಿಗೆ ಕೈ ಹಾಕಬೇಡಿ, ಕನೆಕ್ಟರ್ ನೋಡಿ. ಬೆಸುಗೆ ಬಿಟ್ಟ ಪಿಎಲ್-259 ಅಥವಾ ಒಳಗೆ ಸೇರಿದ ನೀರು, ಜಾಸ್ತಿ ಸಲ ಇವೆರಡರಲ್ಲಿ ಒಂದಿರುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ‘ಕುಂಯ್’ ಅಂತ ಸದ್ದು ಬರ್ತದೆ, ಏನು ಮಾಡಲಿ?

ಅದು ಆಲ್ಟರ್ನೇಟರ್. ಆಂಟೆನಾ ಕೇಬಲ್ ಬಿಚ್ಚಿ ಕೇಳಿ. ಸದ್ದು ಇನ್ನೂ ಇದ್ದರೆ ಪವರ್ ವೈರಿನಿಂದ ಬರುತ್ತಿದೆ, ಅಂದರೆ ವೈರು ಬ್ಯಾಟರಿಯಿಂದ ನೇರ ಬಂದಿಲ್ಲ ಅಥವಾ ನೆಗೆಟಿವ್ ಜಾಯಿಂಟ್ ಸಡಿಲ. ಸದ್ದು ನಿಂತರೆ ಆಂಟೆನಾ ಮೂಲಕ ಬರುತ್ತಿದೆ. ಆಗ ಒಂದೊಂದೇ ಆಫ್ ಮಾಡಿ ನೋಡಿ: ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಲೈಟು. ಕಡಿಮೆ ಬೆಲೆಯ ಚಾರ್ಜರುಗಳ ಮೇಲೆ ನನ್ನ ಮೊದಲ ಅನುಮಾನ. ಆ ವೈರಿಗೆ ಫೆರೈಟ್ ಕ್ಲಿಪ್ (ಗೊರಗೊರ ತಡೆಯುವ ಉಂಗುರ) ಹಾಕಿ, ಆಗದಿದ್ದರೆ ಚಾರ್ಜರನ್ನೇ ಬದಲಿಸಿ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಟಿಕ್‌ಟಿಕ್ ಬರಬಹುದು, ಡೀಸೆಲ್ ಗಾಡಿಗೆ ಆ ಕಾಟ ಇಲ್ಲ.

ಎಷ್ಟು ದೂರ ಸಿಗುತ್ತದೆ?

ವ್ಯಾಟ್ ಕೇಳಬೇಡಿ, ಎತ್ತರ ಕೇಳಿ. 2 ಮೀಟರ್ ಬ್ಯಾಂಡ್ ಹೆಚ್ಚುಕಡಿಮೆ ಕಣ್ಣು ಹಾಯುವಷ್ಟು ದೂರ ಹೋಗುತ್ತದೆ. ಎತ್ತರವನ್ನು ಮೀಟರಿನಲ್ಲಿ ತಗೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಕಾರಿನ ಆಂಟೆನಾ ನೆಲದಿಂದ 2 ಮೀಟರ್, ಅದರ ಪಾಲು 6 ಕಿಲೋಮೀಟರ್ ಕೂಡ ಇಲ್ಲ. ಎದುರಿನವರ ಮನೆ ಮೇಲೆ 10 ಮೀಟರ್ ಎತ್ತರದ ಆಂಟೆನಾ ಇದ್ದರೆ ಅವರ ಪಾಲು 13, ಒಟ್ಟು 19 ಕಿಲೋಮೀಟರ್. ಕಾರಿಂದ ಕಾರಿಗೆ ಆದರೆ 11–12.

ಈಗ ನಂದಿ ಬೆಟ್ಟಕ್ಕೆ ಬನ್ನಿ. ಸಮುದ್ರಮಟ್ಟದಿಂದ 1,478 ಮೀಟರ್, ಸುತ್ತಲಿನ ಬಯಲು 900ರ ಆಸುಪಾಸು. ಅಂದರೆ ಬಯಲಿಗಿಂತ 550 ಮೀಟರಿಗೂ ಹೆಚ್ಚು ಎತ್ತರ, ಲೆಕ್ಕಕ್ಕೆ 95 ಕಿಲೋಮೀಟರ್ ದಾಟುತ್ತದೆ. ಅದೇ ಹ್ಯಾಂಡಿ, ಅದೇ 5 ವ್ಯಾಟ್! ತುಮಕೂರಿನವರಿಗೆ ದೇವರಾಯನದುರ್ಗ ಇದೆ. ಸುಮಾರು 1,200 ಮೀಟರ್, ಊರಿಗಿಂತ 380 ಮೀಟರಿನಷ್ಟು ಮೇಲೆ, ಅಲ್ಲಿಂದ 80 ಕಿಲೋಮೀಟರಿನ ಲೆಕ್ಕ. ನಮ್ಮ ಮೂರು ಜಿಲ್ಲೆಗಳಿಗೆ ಇಂಥ ಬಂಡೆ ಬೆಟ್ಟಗಳು ಬೇಕಾದಷ್ಟಿವೆ, ವಿಎಚ್‌ಎಫ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಆದರೆ ಬೆಟ್ಟದ ಹಿಂದೆ ನಿಂತರೆ ಅದೇ ಬಂಡೆ ಅಡ್ಡಗೋಡೆ. ಮಧುಗಿರಿಯಲ್ಲಿ ಏಕಶಿಲಾ ಬೆಟ್ಟದ ಬುಡಕ್ಕೆ ಹೋಗಿ ಸಿಗ್ನಲ್ ಇಲ್ಲ ಅಂದರೆ ಸೆಟ್ಟಿನದು ತಪ್ಪಲ್ಲ. ಅಂತರಗಂಗೆ ಬೆಟ್ಟದ ಮಗ್ಗುಲಲ್ಲೂ ಅಷ್ಟೇ, ಬೆಟ್ಟದ ಆಚೆ ಇರುವವರು ನಿಮಗೆ ಸಿಗುವುದಿಲ್ಲ.

ಓಡುವಾಗ ಎದುರಿನವರ ದನಿ ಪಟಪಟ ಅಂತ ಕಡಿದು ಬರುತ್ತದೆ. ಸೆಟ್ ಕೆಟ್ಟಿದೆಯಾ?

ಇಲ್ಲ. ಸಿಗ್ನಲ್ ನೇರವಾಗಿಯೂ ಬರುತ್ತದೆ, ಬೆಟ್ಟ, ಲಾರಿ, ಕಟ್ಟಡಗಳಿಗೆ ಬಡಿದೂ ಬರುತ್ತದೆ. ಎರಡೂ ಸೇರುವ ಕಡೆ ಜೋರು, ಒಂದನ್ನೊಂದು ಕಡಿಯುವ ಕಡೆ ಕ್ಷೀಣ. ಈ ತಗ್ಗುಗಳು ಸುಮಾರು ಒಂದೊಂದು ಮೀಟರಿಗೆ ಬರುತ್ತವೆ. 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 16 ತಗ್ಗು ದಾಟುತ್ತೀರಿ, ಆ ಪಟಪಟ ಅದೇ. ಗಾಡಿ ನಿಲ್ಲಿಸಿದಾಗ ಸಿಗ್ನಲ್ ಪೂರ್ತಿ ಸತ್ತರೆ ಅರ್ಧ ಮೀಟರ್ ಮುಂದಕ್ಕೆ ಸರಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು.

ರಿಪೀಟರ್ ಕೇಳಿಸುತ್ತದೆ, ಆದರೆ ನಾನು ಕರೆದರೆ ಏಳುವುದಿಲ್ಲ.

ರಿಪೀಟರ್ ಅಂದರೆ ನಿಮ್ಮ ಪ್ರಸಾರವನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್. ಎರಡು ವಿಷಯ ನೋಡಿ. ಒಂದು ಶಿಫ್ಟ್: 2 ಮೀಟರಿನಲ್ಲಿ ಸಾಮಾನ್ಯವಾಗಿ ಮೈನಸ್ 600 ಕಿಲೋಹರ್ಟ್ಸ್. ಅಂದರೆ ನೀವು 145.200ರಲ್ಲಿ ಕೇಳುತ್ತಿದ್ದರೆ ಸೆಟ್ 144.600ರಲ್ಲಿ ಪ್ರಸಾರ ಮಾಡಬೇಕು. ಇನ್ನೊಂದು ಟೋನ್: ನಿಮ್ಮ ದನಿಯ ಕೆಳಗೆ 88.5 ಹರ್ಟ್ಸಿನಂಥ ಸಣ್ಣ ಸದ್ದು ಹೋಗದಿದ್ದರೆ ರಿಪೀಟರ್ ಬಾಗಿಲು ತೆಗೆಯುವುದಿಲ್ಲ. ಯಾವ ಟೋನ್ ಅಂತ ಆ ರಿಪೀಟರ್ ನಡೆಸುವವರನ್ನು ಕೇಳಿ. ಇವೆಲ್ಲ ಮನೆಯಲ್ಲೇ ಕೂತು ಮೆಮೊರಿಗೆ ಹಾಕಿಕೊಳ್ಳಿ, ಓಡುವ ಗಾಡಿಯಲ್ಲಿ ಮೆನು ತಡಕಬಾರದು.

ಮೊದಲ ಸಲ ಏನಂತ ಮಾತಾಡಲಿ? ಕನ್ನಡದಲ್ಲಿ ಮಾತಾಡಬಹುದಾ?

ಧಾರಾಳವಾಗಿ. ಗುಟ್ಟಿನ ಸಂಕೇತ ಭಾಷೆ ಇರಬಾರದು ಅಷ್ಟೇ. ಮೊದಲು ಕೇಳಿ. ಯಾರೂ ಇಲ್ಲ ಅನ್ನಿಸಿದರೂ ಅರ್ಧ ನಿಮಿಷ ಕೇಳಿ. ಆಮೇಲೆ ಪಿಟಿಟಿ ಒತ್ತಿ, ಒಂದು ಕ್ಷಣ ಬಿಟ್ಟು, ನಿಮ್ಮ ಕಾಲ್‌ಸೈನ್ ನಿಧಾನವಾಗಿ ಹೇಳಿ, ಕೊನೆಗೆ ‘ಮೊಬೈಲ್, ಶಿರಾ ದಾಟಿದ್ದೇನೆ, ಯಾರಾದರೂ ಇದ್ದೀರಾ’ ಅನ್ನಿ. ಮೈಕ್ ಬಾಯಿಂದ ಮೂರು ಬೆರಳು ದೂರ ಇರಲಿ, ಕಿಟಕಿ ಮುಚ್ಚಿರಲಿ. ಕೂಗಬೇಡಿ, ಕೂಗಿದರೆ ದನಿ ಒಡೆಯುತ್ತದೆ. ಹಿರಿಯರು ಉತ್ತರಿಸಿದರೆ ‘ಸಾರ್’ ಅಂದರೂ ಸರಿ, ಹ್ಯಾಮ್‌ಗಳ ಪದ್ಧತಿಯಂತೆ ‘ಓಎಂ’ (ಓಲ್ಡ್ ಮ್ಯಾನ್) ಅಂದರೂ ಸರಿ. ಒಬ್ಬರು ಮುಗಿಸಿದ ಮೇಲೆ ಎರಡು ಸೆಕೆಂಡ್ ಬಿಡಿ, ಮಧ್ಯೆ ಯಾರಿಗಾದರೂ ತುರ್ತು ಇರಬಹುದು. ವ್ಯಾಪಾರದ ಮಾತು, ಹಾಡು ಹಾಕುವುದು ಬೇಡವೇ ಬೇಡ. ಟೊಮೆಟೊ ಲೋಡ್ ಕೋಲಾರ ಮಾರ್ಕೆಟ್ಟಿಗೆ ಬಂತಾ ಅಂತ ವಿಚಾರಿಸಲು ಫೋನ್ ಇದೆ.

ಓಡಿಸುತ್ತಾ ಮಾತಾಡಬಹುದಾ?

ನನ್ನ ಮಾತು ಕೇಳುವುದಾದರೆ ಬೇಡ. ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುತ್ತಾ ಗಾಡಿ ಓಡಿಸುವುದನ್ನು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ ಸೇರಿಸಿದೆ. ಕಾನೂನು ಬಿಡಿ, ತುಮಕೂರು ಹೈವೇಯ ಲಾರಿ ಸಾಲಿನ ನಡುವೆ ಒಂದು ಕೈಯಲ್ಲಿ ಮೈಕ್ ಹಿಡಿಯುವುದು ನಿಮಗೂ ಒಳ್ಳೇದಲ್ಲ, ಪಕ್ಕದ ಬೈಕಿನವರಿಗೂ ಒಳ್ಳೇದಲ್ಲ. ಕೇಳುತ್ತಾ ಹೋಗಿ. ಮಾತಾಡಬೇಕು ಅನ್ನಿಸಿದರೆ ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿ, ಅಥವಾ ಪಕ್ಕದಲ್ಲಿ ಲೈಸೆನ್ಸ್ ಇರುವ ಸ್ನೇಹಿತರಿದ್ದರೆ ಮೈಕ್ ಅವರ ಕೈಗೆ ಕೊಡಿ.

ಎಲ್ಲಿ ಪಿಟಿಟಿ ಒತ್ತಲೇಬಾರದು?

ಇದನ್ನು ಹೊಸಬರು ಕೇಳುವುದೇ ಕಡಿಮೆ, ನನಗೆ ಮಾತ್ರ ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಮೂರೂ ಜಿಲ್ಲೆಗಳಲ್ಲಿ ಕಲ್ಲು ಕ್ವಾರಿಗಳಿವೆ. ಬಂಡೆ ಸಿಡಿಸಲು ಎಲೆಕ್ಟ್ರಿಕ್ ಡಿಟೊನೇಟರ್ ಬಳಸುವ ಕಡೆ ಅದರ ಉದ್ದ ವೈರುಗಳೇ ಆಂಟೆನಾ ಆಗಿ ನಿಮ್ಮ ಪ್ರಸಾರವನ್ನು ಹಿಡಿಯಬಹುದು, ಮದ್ದು ತಾನಾಗೇ ಸಿಡಿಯಬಹುದು. ಅಲ್ಲಿ ಕೆಲಸ ಮಾಡುವ ಜನರ ಜೀವದ ಪ್ರಶ್ನೆ ಇದು. ಸಿಡಿಮದ್ದಿನ ಬೋರ್ಡೋ ಕೆಂಪು ಬಾವುಟವೋ ಕಂಡರೆ ಸೆಟ್ಟನ್ನೇ ಆಫ್ ಮಾಡಿ, ಚೆನ್ನಾಗಿ ದೂರ ಹೋದ ಮೇಲೆ ಆನ್ ಮಾಡಿ. ಪೆಟ್ರೋಲ್ ಬಂಕಿನಲ್ಲೂ ಒತ್ತಬೇಡಿ.

ಗೌರಿಬಿದನೂರಿನ ಹತ್ತಿರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸಿನ ರೇಡಿಯೊ ವೀಕ್ಷಣಾಲಯ ಇದೆ. ಸೂರ್ಯನಿಂದ ಬರುವ ತೀರಾ ಕ್ಷೀಣವಾದ ರೇಡಿಯೊ ಅಲೆಗಳನ್ನು ಅಲ್ಲಿ ಹಿಡಿಯುತ್ತಾರೆ, ನಮ್ಮ ಬ್ಯಾಂಡುಗಳಿಗೆ ತೀರಾ ಹತ್ತಿರದ ಆವರ್ತನಗಳಲ್ಲೇ. ಅವರ ಆಂಟೆನಾ ಹೊಲದ ಪಕ್ಕ 50 ವ್ಯಾಟ್ ಬಿಟ್ಟರೆ ಅವರ ಕೆಲಸ ಕೆಡುತ್ತದೆ. ಆ ರಸ್ತೆಯಲ್ಲಿ ಬರೀ ಕೇಳಿ, ಮಾತು ಊರು ದಾಟಿದ ಮೇಲೆ.

ಬೆಟ್ಟದ ಮೇಲೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಆಂಟೆನಾ ಇಳಿಸಿ ಕೆಳಗೆ ಬನ್ನಿ. ಉದ್ದ ಕಡ್ಡಿ ಹಾಕಿದವರು ನಿಲ್ಲಿಸುವ ಮುಂಚೆ ತಲೆಯೆತ್ತಿ ಕರೆಂಟ್ ಲೈನ್ ನೋಡಿ. ಮಕ್ಕಳು ಕಾರಿಗೆ ಒರಗಿ ನಿಂತಿದ್ದಾಗ ಪೂರ್ತಿ ಪವರ್ ಬಿಡಬೇಡಿ.

ಇಂಜಿನ್ ಆಫ್ ಮಾಡಿ ಎಷ್ಟು ಹೊತ್ತು ಮಾತಾಡಬಹುದು?

ಸುಮ್ನೆ ಕೇಳುವಾಗ ಸೆಟ್ ಅರ್ಧ ಆಂಪಿಯರಿನ ಸುತ್ತಮುತ್ತ ಎಳೆಯುತ್ತದೆ, ಮಾತಾಡುವಾಗ 10. ನಾಲ್ಕರಲ್ಲಿ ಒಂದು ಪಾಲು ಮಾತಾಡಿದರೆ ಸರಾಸರಿ 3 ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಎರಡು ಗಂಟೆ ಧೈರ್ಯವಾಗಿ ಕೂರಬಹುದು, ಬ್ಯಾಟರಿ ಹಳೆಯದಾದರೆ ಒಂದು ಗಂಟೆಗೇ ಏಳಿ. ಬೆಟ್ಟದ ಮೇಲೆ ದಿನವಿಡೀ ಕೂರುವವರು ಬೇರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಯ್ಯುವುದು ಲೇಸು. ಪವರನ್ನು 50ರಿಂದ 10ಕ್ಕೆ ಇಳಿಸಿದರೂ ಎತ್ತರದಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗದು.

ಕಾರಿನಲ್ಲಿ ಎಚ್‌ಎಫ್ ಮಾಡುವುದು ಅಷ್ಟು ಕಷ್ಟವಾ?

ಕಷ್ಟ, ಆದರೆ ಅದರ ಖುಷಿಯೇ ಬೇರೆ. 40 ಮೀಟರ್ ಬ್ಯಾಂಡಿಗೆ ಕಾಲು ತರಂಗ ಅಂದರೆ 10 ಮೀಟರ್ ಕಡ್ಡಿ, ಕಾರಿಗೆ ಸಾಧ್ಯವಿಲ್ಲ. ಎರಡು ಮೀಟರಿನ ಕಡ್ಡಿಗೆ ಸುರುಳಿ ಸೇರಿಸಿ ಹೊಂದಿಸಬೇಕು. ಹಾಗೆ ಮಾಡಿದಾಗ 100 ವ್ಯಾಟ್ ಕೊಟ್ಟರೂ ಆಕಾಶಕ್ಕೆ ಹೋಗುವುದು ಕೆಲವೇ ವ್ಯಾಟ್, ಉಳಿದದ್ದು ಸುರುಳಿ ಮತ್ತು ನೆಲದಲ್ಲಿ ಬಿಸಿಯಾಗಿ ಹೋಗುತ್ತದೆ. ದಪ್ಪ ತಂತಿಯ ದೊಡ್ಡ ಸುರುಳಿ ಇರಲಿ. ಬುಡವನ್ನು ಬಾಡಿಯ ಲೋಹಕ್ಕೇ ಬಿಗಿಯಿರಿ, ಬಾನೆಟ್, ಡಿಕ್ಕಿ ಬಾಗಿಲು, ಸೈಲೆನ್ಸರ್ ಪೈಪನ್ನು ಅಗಲವಾದ ತಾಮ್ರದ ಜಾಳಿಗೆ ಪಟ್ಟಿಯಿಂದ ಬಾಡಿಗೆ ಸೇರಿಸಿ. ಇದರಿಂದ ನಷ್ಟವೂ ಕಡಿಮೆ, ಗೊರಗೊರವೂ ಕಡಿಮೆ. ಹಗಲಲ್ಲಿ 40 ಮೀಟರಿನಲ್ಲಿ ದಕ್ಷಿಣ ಭಾರತ ಪೂರ್ತಿ ಸಿಗುತ್ತದೆ, ಕತ್ತಲಾದ ಮೇಲೆ ಇನ್ನೂ ದೂರ.

ಈ ಕಾಲದಲ್ಲಿ ಇದರಿಂದ ನಿಜವಾಗಿ ಉಪಯೋಗ ಇದೆಯಾ?

2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನಿಗೆ ಬಡಿದಾಗ ಭಾರತಿ ಪ್ರಸಾದ್, ವಿಯು2ಆರ್‌ಬಿಐ, ಪೋರ್ಟ್ ಬ್ಲೇರಿನಲ್ಲೇ ಇದ್ದರು. ಹವ್ಯಾಸಕ್ಕಾಗಿ ದ್ವೀಪದಿಂದ ರೇಡಿಯೊ ನಡೆಸಲು ಹೋದವರು ಫೋನುಗಳು ಸತ್ತಾಗ ಅಲ್ಲಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಮರುವರ್ಷ 2005ರ ಮೇ 5ರಂದು ಇಸ್ರೊ ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತು. ಕಾರಿನ ಸ್ಟೇಷನ್ನಿಗೆ ಬ್ಯಾಟರಿ, ಚಾರ್ಜರ್, ಚಕ್ರ ಎಲ್ಲ ಅದರಲ್ಲೇ ಇದೆ. ಟವರ್ ಬಿದ್ದ ಊರಿಗೆ ತಾನೇ ನಡೆದು ಹೋಗಬಲ್ಲದು. ಆದರೆ ವರ್ಷಕ್ಕೊಮ್ಮೆ ಆನ್ ಮಾಡುವ ಸೆಟ್ ಆ ದಿನ ಕೈಕೊಡುತ್ತದೆ, ವಾರಕ್ಕೊಮ್ಮೆಯಾದರೂ ನೆಟ್ಟಿಗೆ (ಹ್ಯಾಮ್‌ಗಳು ರೇಡಿಯೊದಲ್ಲಿ ಒಟ್ಟಿಗೆ ಸೇರುವ ಕೂಟಕ್ಕೆ) ಬಂದು ಹಾಜರಿ ಹಾಕಿ.

ಪೊಲೀಸರು ನಿಲ್ಲಿಸಿ ಇದೇನು ಅಂತ ಕೇಳಿದರೆ?

ಲೈಸೆನ್ಸಿನ ಪ್ರತಿ ಡ್ಯಾಶ್‌ಬೋರ್ಡಿನಲ್ಲಿರಲಿ. ಸೆಟ್ ಆಫ್ ಮಾಡಿ, ಕಾಗದ ತೋರಿಸಿ, ಕೇಂದ್ರ ಸರ್ಕಾರ ಕೊಟ್ಟ ಹ್ಯಾಮ್ ಲೈಸೆನ್ಸ್ ಅಂತ ಸಮಾಧಾನವಾಗಿ ಹೇಳಿ. ಅವರಿಗೆ ಇದು ಹೊಸದಾಗಿರಬಹುದು, ಕೇಳುವುದು ಅವರ ಕೆಲಸ.

ಕಾರನ್ನು ಸರ್ವಿಸಿಗೆ ಬಿಡುವಾಗ ಏನು ಮಾಡಬೇಕು?

ಆಂಟೆನಾ ಬಿಚ್ಚಿ ಡಿಕ್ಕಿಯಲ್ಲಿಡಿ, ಗಾಡಿ ತೊಳೆಯುವ ಕಡೆಯ ಬ್ರಷ್ಷಿಗೆ ಅದು ಸಿಗಬಾರದು. ಮೈಕ್, ಮುಂದಿನ ಪ್ಯಾನಲ್ ಮನೆಗೆ ತಗೊಂಡು ಹೋಗಿ. ಆಂಟೆನಾ ಇಲ್ಲದೆ ಯಾರಾದರೂ ಪಿಟಿಟಿ ಒತ್ತಿದರೆ ಸೆಟ್ಟಿನ ಪವರ್ ಟ್ರಾನ್ಸಿಸ್ಟರಿಗೆ ಪೆಟ್ಟು. ಬ್ಯಾಟರಿ ಪಕ್ಕದ ಫ್ಯೂಸನ್ನೂ ತೆಗೆದು ಜೇಬಿಗೆ ಹಾಕಿಕೊಳ್ಳಿ, ವಾಪಸ್ ಬಂದ ಮೇಲೆ ಲಗ್ಗುಗಳು ಬಿಗಿಯಾಗಿವೆಯಾ ಅಂತ ಅಲುಗಾಡಿಸಿ ನೋಡಿ ಮತ್ತೆ ಹಾಕಿ.